ಇಪ್ಪತ್ತೊಂದು ತಾಯ್ನುಡಿಗಳ ಒಂದು ಸಂಜೆ, ಅದಕ್ಕಾಗಿ ಎಂಟು ತಿಂಗಳು

ಕಳೆದ ವಾರ ಹಣಕಾಸು ವಿಭಾಗದಿಂದ ‘ಮುಂಗಡ ಹೊಂದಾಣಿಕೆಯಾಗಿದೆ’ ಎಂಬ ಒಂದು ಸಾಲಿನ ಪತ್ರ ಬಂತು. 2025ರ ಅಕ್ಟೋಬರ್‌ನಲ್ಲಿ ತೆರೆದಿದ್ದ ನನ್ನ ಕಡತ ಅಲ್ಲಿಗೆ ಮುಚ್ಚಿತು. 2026ರ ಫೆಬ್ರವರಿ 21ರಂದು ಮಧ್ಯಾಹ್ನ ಮೂರೂವರೆಯಿಂದ ರಾತ್ರಿ ಎಂಟರವರೆಗೆ ನಡೆದ ವಿದ್ಯಾರ್ಥಿಗಳ ತಾಯ್ನುಡಿಗಳ ಕಾರ್ಯಕ್ರಮವೊಂದಕ್ಕೆ ಎಂಟು ತಿಂಗಳು ಹಿಡಿದವು. ದಕ್ಷಿಣ ಕರ್ನಾಟಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಪಾಠ ಮಾಡುವ ನನಗೆ ಇಂತಹ ಕೆಲಸದ ಅನುಭವವಿರಲಿಲ್ಲ. ಕೇಳಿ ತಿಳಿಯೋಣವೆಂದರೆ ಹಿಂದಿನ ಸಂಚಾಲಕರು ನಿವೃತ್ತರಾಗಿ ಊರು ಬಿಟ್ಟಿದ್ದರು. ಅವರ ಕಡತದಲ್ಲಿ ಆಹ್ವಾನ ಪತ್ರಿಕೆ ಮತ್ತು ಫೋಟೊಗಳ ಹೊರತು ಬೇರೇನೂ ಇರಲಿಲ್ಲ. ಮುಂದೆ ಈ ಹೊಣೆ ಹೊರುವವರು ನನ್ನಂತೆ ಕತ್ತಲಲ್ಲಿ ತಡಕಾಡುವುದು ಬೇಡವೆಂದು, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಪ್ರತಿ ವರ್ಷ ‘ಸಾಂಸ್ಕೃತಿಕ ವೈವಿಧ್ಯ ದಿನ’ ಎಂಬ ಹೆಸರಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಕಾರ್ಯಕ್ರಮವೊಂದು ನಡೆಯುತ್ತಿತ್ತು. ಅದರ ಕ್ರಮ ಎಲ್ಲರಿಗೂ ಪರಿಚಿತವಾದದ್ದೇ: ಒಂದೊಂದು ದೇಶಕ್ಕೆ ಒಂದೊಂದು ಮೇಜು, ಮೇಜಿನ ಮೇಲೆ ಆ ದೇಶದ ಬಾವುಟ, ಹಿಂದೆ ಸಾಂಪ್ರದಾಯಿಕ ಉಡುಪಿನಲ್ಲಿ ನಿಂತ ಇಬ್ಬರು ವಿದ್ಯಾರ್ಥಿಗಳು, ಅತಿಥಿಗಳು ಬಂದು ಅವರೊಂದಿಗೆ ಫೋಟೊ ತೆಗೆಸಿಕೊಂಡು ಹೋಗುವುದು. ವಿದೇಶಿ ವಿದ್ಯಾರ್ಥಿಗಳಿಗೆ ನಾನು ಬಳಕೆ ಕನ್ನಡ ಕಲಿಸುತ್ತೇನೆ ಎಂಬ ಕಾರಣಕ್ಕೆ ಅಕ್ಟೋಬರ್‌ನಲ್ಲಿ ಸಂಚಾಲಕಿಯ ಹೊಣೆ ನನ್ನ ಪಾಲಿಗೆ ಬಂತು. ನಾನೂ ಅದೇ ಕ್ರಮವನ್ನು ಮುಂದುವರಿಸುವ ಯೋಚನೆಯಲ್ಲಿ ಮೊದಲ ಸಭೆ ಕರೆದು, ದೇಶಗಳ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದೆ.

ಸಭೆ ಮುಗಿಯುವ ಹೊತ್ತಿಗೆ, ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಟಿಬೆಟನ್ ವಿದ್ಯಾರ್ಥಿನಿಯೊಬ್ಬಳು ಎದ್ದು, ‘ಮೇಡಂ, ನಾನು ಯಾವ ಮೇಜಿನ ಹಿಂದೆ ನಿಲ್ಲಲಿ?’ ಎಂದು ಅಚ್ಚ ಕನ್ನಡದಲ್ಲಿ ಕೇಳಿದಳು. ಅವಳು ಹುಟ್ಟಿ ಬೆಳೆದದ್ದು ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ. ಅಂದಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು 3,000 ಎಕರೆ ನೆಲದಲ್ಲಿ 1961ರಲ್ಲಿ ಆರಂಭವಾದ ಆ ನಿರಾಶ್ರಿತರ ನೆಲೆಗೆ ಅವಳ ಅಜ್ಜ ಕಾಡು ಕಡಿಯುವ ಕೆಲಸಕ್ಕೆ ಬಂದವರಂತೆ. ಹಲಗೆಯ ಮೇಲಿನ ಪಟ್ಟಿಯಲ್ಲಿ ಅವಳಿಗೆ ದೇಶವಿರಲಿಲ್ಲ, ಭಾರತದ ಮೇಜಿನ ಹಿಂದೆ ನಿಲ್ಲಲು ಅವಳು ಭಾರತದ ಪ್ರಜೆಯೂ ಆಗಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದಾಗ, ‘ಸ್ವಾಗತದ ಬಳಿ ಗುಲಾಬಿ ಹೂ ಹಂಚುತ್ತಿದ್ದೆ’ ಎಂದಳು. ಆ ಉತ್ತರ ನನ್ನ ಮನಸ್ಸನ್ನು ತುಂಬಾ ಕಲಕಿತು.

ಅದೇ ದಿನ ಸಂಜೆ ಅಫ್ಘಾನಿಸ್ತಾನದ ವಿದ್ಯಾರ್ಥಿನಿಯೊಬ್ಬಳು ನನ್ನ ಕೊಠಡಿಗೆ ಬಂದು, ತನ್ನನ್ನು ಈ ಬಾರಿ ಬಿಟ್ಟುಬಿಡಿ ಎಂದು ಕೇಳಿಕೊಂಡಳು. 2021ರ ಆಗಸ್ಟ್‌ನಲ್ಲಿ ಅಲ್ಲಿ ಆಡಳಿತ ಬದಲಾದಾಗ ಬಾವುಟವೂ ಬದಲಾಯಿತು. ಹಳೆಯ ಮೂರು ಬಣ್ಣದ ಬಾವುಟದ ಪಕ್ಕ ನಿಂತ ಫೋಟೊ ಊರಿನಲ್ಲಿರುವ ಮನೆಯವರಿಗೆ ತೊಂದರೆ ತರಬಹುದು, ಹೊಸ ಬಾವುಟದ ಪಕ್ಕ ನಿಲ್ಲಲು ಅವಳ ಮನಸ್ಸು ಒಪ್ಪುವುದಿಲ್ಲ. ಬಾವುಟಗಳ ವಿಷಯವನ್ನು ನಾನು ಅಲ್ಲಿಂದ ಮುಂದೆ ಗಂಭೀರವಾಗಿ ಓದತೊಡಗಿದೆ. 2002ರ ಭಾರತ ಧ್ವಜ ಸಂಹಿತೆಯ ಪ್ರಕಾರ ಬೇರೆ ದೇಶಗಳ ಬಾವುಟಗಳೊಂದಿಗೆ ಸಾಲಾಗಿ ಇಡುವಾಗ ನಮ್ಮ ರಾಷ್ಟ್ರಧ್ವಜ ಸಾಲಿನ ಬಲತುದಿಯಲ್ಲಿ, ಅಂದರೆ ನೋಡುವವರ ಎಡಕ್ಕೆ ಇರಬೇಕು. ಉಳಿದವು ದೇಶಗಳ ಇಂಗ್ಲಿಷ್ ಹೆಸರಿನ ಅಕ್ಷರಕ್ರಮದಲ್ಲಿ ಬರಬೇಕು. ಎಲ್ಲವೂ ಸರಿಸುಮಾರು ಒಂದೇ ಅಳತೆಯವಾಗಿರಬೇಕು. ನಮ್ಮ ಹಳೆಯ ಫೋಟೊಗಳಲ್ಲಿ ಈ ಯಾವ ನಿಯಮವೂ ಪಾಲನೆಯಾಗಿರಲಿಲ್ಲ. ಬಾವುಟಗಳೊಂದಿಗೇ ಕಾರ್ಯಕ್ರಮ ಮಾಡುವವರು ಆ ಸಂಹಿತೆಯನ್ನು ಒಮ್ಮೆ ಪೂರ್ತಿಯಾಗಿ ಓದಿಕೊಳ್ಳುವುದು ಕ್ಷೇಮ.

ನಾವು ಬಾವುಟಗಳನ್ನೇ ಬಿಟ್ಟೆವು. ದೇಶಕ್ಕೊಂದು ಮೇಜು ಎಂಬುದರ ಬದಲು ತಾಯ್ನುಡಿಗೊಂದು ಮೇಜು ಎಂದು ತೀರ್ಮಾನಿಸಿದೆವು. ಅದಕ್ಕೆ ಹೊಂದುವ ದಿನವೂ ಸಿಕ್ಕಿತು. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿಗೂ ರಾಷ್ಟ್ರಭಾಷೆಯ ಸ್ಥಾನ ಬೇಕೆಂದು ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ಆ ದಿನವನ್ನು ಯುನೆಸ್ಕೊ 1999ರಲ್ಲಿ ಅಂತರರಾಷ್ಟ್ರೀಯ ತಾಯ್ನುಡಿ ದಿನವೆಂದು ಸಾರಿತು, 2000ದಿಂದ ಜಗತ್ತಿನಾದ್ಯಂತ ಆಚರಣೆ ನಡೆಯುತ್ತಿದೆ. ಯುನೆಸ್ಕೊದ ಸಾಂಸ್ಕೃತಿಕ ವೈವಿಧ್ಯದ ದಿನ ಮೇ 21ಕ್ಕೆ ಬರುತ್ತದೆಯಾದರೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಆಗ ಪರೀಕ್ಷೆ ಅಥವಾ ರಜೆ. ತಾಯ್ನುಡಿಯ ಲೆಕ್ಕಕ್ಕೆ ಬಂದ ಕೂಡಲೇ ‘ವಿದೇಶಿ’ ಎಂಬ ಗೋಡೆ ತಾನಾಗಿಯೇ ಬಿದ್ದುಹೋಯಿತು. ಅದುವರೆಗೆ ಪ್ರೇಕ್ಷಕರಾಗಿ ಮಾತ್ರ ಕೂರುತ್ತಿದ್ದ ಕೊಡಗಿನ ಹುಡುಗಿ, ಮಂಗಳೂರಿನ ಬ್ಯಾರಿ ಹುಡುಗ, ಐಜಾಲಿನಿಂದ ಬಂದಿದ್ದ ಮಿಜೊ ವಿದ್ಯಾರ್ಥಿ ಎಲ್ಲರೂ ತಮ್ಮದೊಂದು ಮೇಜು ಕೇಳಲು ಹಕ್ಕುಳ್ಳವರಾದರು. ಎಂಟು ತಿಂಗಳಲ್ಲಿ ನಾವು ತೆಗೆದುಕೊಂಡ ತೀರ್ಮಾನಗಳಲ್ಲಿ ಇದೇ ಅತಿ ಮುಖ್ಯವಾದದ್ದು ಎಂದು ಈಗಲೂ ನಂಬಿದ್ದೇನೆ.

ನವೆಂಬರ್ ಮೊದಲ ವಾರ ಒಂದು ಪುಟದ ನಮೂನೆ ಹಂಚಿ, ‘ಮನೆಯಲ್ಲಿ ಅಜ್ಜಿಯೊಂದಿಗೆ ಆಡುವ ನುಡಿ ಯಾವುದು?’ ಎಂದು ಕೇಳಿದೆವು. ‘ತಾಯ್ನುಡಿ’ ಎಂದಷ್ಟೇ ಕೇಳಿದ್ದರೆ ಅನೇಕರು ಶಾಲಾ ದಾಖಲೆಯಲ್ಲಿರುವುದನ್ನು ಬರೆದುಬಿಡುತ್ತಾರೆ ಎಂದು ಭಾಷಾವಿಜ್ಞಾನ ವಿಭಾಗದ ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ಅವರ ಮಾತು ನಿಜವಾಯಿತು. ವಿಜಯನಗರ ಜಿಲ್ಲೆಯ ಒಬ್ಬ ಹುಡುಗ ಆ ಪ್ರಶ್ನೆಗೂ ‘ಕನ್ನಡ’ ಎಂದೇ ಬರೆದು ಕೊಟ್ಟಿದ್ದ. ಎರಡು ದಿನದ ನಂತರ ಬಂದು ನಮೂನೆಯನ್ನು ವಾಪಸು ಕೇಳಿ, ನನ್ನೆದುರಿಗೇ ಅದನ್ನು ಹೊಡೆದುಹಾಕಿ ‘ಲಂಬಾಣಿ’ ಎಂದು ಬರೆದ. ‘ಹೈಸ್ಕೂಲಿನಲ್ಲಿ ತಾಂಡಾದವನು ಅಂತ ನಗುತ್ತಿದ್ದರು ಮೇಡಂ, ಅದಕ್ಕೆ ಬರೆಯುವುದನ್ನೇ ಬಿಟ್ಟಿದ್ದೆ’ ಎಂದ. ಅಲ್ಲಿಯವರೆಗೆ ಇಪ್ಪತ್ತಿದ್ದ ನಮ್ಮ ಪಟ್ಟಿ ಅವನಿಂದ ಇಪ್ಪತ್ತೊಂದಾಯಿತು: ಕನ್ನಡ, ತುಳು, ಕೊಡವ, ಕೊಂಕಣಿ, ಬ್ಯಾರಿ, ಉರ್ದು, ಲಂಬಾಣಿ, ಸೋಲಿಗರ ನುಡಿ, ತೆಲುಗು, ತಮಿಳು, ಮಲಯಾಳಂ, ಬಂಗಾಳಿ, ಮಣಿಪುರಿ, ಮಿಜೊ, ಟಿಬೆಟನ್, ಭೂತಾನಿನ ಜೊಂಖಾ, ಅಫ್ಘಾನಿಸ್ತಾನದ ದರಿ ಮತ್ತು ಪಾಶ್ತೊ, ಅರಬ್ಬಿ, ಇಥಿಯೋಪಿಯಾದ ಅಮ್ಹಾರಿಕ್, ಪೂರ್ವ ಆಫ್ರಿಕಾದ ಸ್ವಾಹಿಲಿ. ಇವುಗಳಲ್ಲಿ ಕೊಡವದಂತಹ ನುಡಿಯನ್ನು ಆಡುವವರು 2011ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ಸುಮಾರು 1.13 ಲಕ್ಷ ಮಂದಿ ಮಾತ್ರ. ನಮ್ಮ ಕ್ಯಾಂಪಸ್ಸಿನಲ್ಲಿ ಕೊಡವ ಮಾತನಾಡುವವರು ಏಳು ಜನರಿದ್ದಾರೆ ಎಂಬುದು ಆ ಏಳು ಜನರಿಗೇ ಗೊತ್ತಿರಲಿಲ್ಲ.

ಇನ್ನು ಕಡತದ ಪ್ರಯಾಣ. ನವೆಂಬರ್ 17ರಂದು ವಿಭಾಗದ ಮುಖ್ಯಸ್ಥರ ಸಹಿಯೊಂದಿಗೆ ಹೊರಟ ಪ್ರಸ್ತಾವ ವಿದ್ಯಾರ್ಥಿ ಕ್ಷೇಮಪಾಲನಾ ನಿರ್ದೇಶಕರು, ಕುಲಸಚಿವರು, ಹಣಕಾಸು ಅಧಿಕಾರಿ ಈ ಮೂರು ಮೇಜುಗಳನ್ನು ದಾಟಿ ಮಂಜೂರಾತಿ ಪಡೆಯಲು ಜನವರಿ 9ರವರೆಗೆ ಕಾಯಬೇಕಾಯಿತು. ಎರಡು ಬಾರಿ ಆಕ್ಷೇಪಣೆಯೊಂದಿಗೆ ಹಿಂದಿರುಗಿತು. ಮೊದಲನೆಯದು, ಒಟ್ಟು ಮೊತ್ತ ಮಾತ್ರ ಬರೆದಿದ್ದೇವೆ, ಬಾಬ್ತುವಾರು ಅಂದಾಜು ಇಲ್ಲ ಎಂಬುದು. ಅದು ನನ್ನದೇ ತಪ್ಪು. ಎರಡನೆಯದು, ವಿದೇಶಿ ವಿದ್ಯಾರ್ಥಿಗಳಿಗೆ ‘ಗೌರವಧನ’ ಎಂದು ಬರೆದದ್ದು. ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಇಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲವಾದ್ದರಿಂದ, ಹಾಡಿಗೆ ಕುಣಿತಕ್ಕೆ ಅವರ ಹೆಸರಿನಲ್ಲಿ ಹಣ ಪಾವತಿಸುವುದು ಅವರಿಗೇ ತೊಡಕಾಗಬಹುದು ಎಂದು ಹಣಕಾಸು ವಿಭಾಗದ ಹಿರಿಯ ಅಧೀಕ್ಷಕರೊಬ್ಬರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಆ ಸಾಲು ತೆಗೆದು ಪುಸ್ತಕ ಬಹುಮಾನ ಎಂದು ಬರೆದೆವು. ನಾವು ಕೇಳಿದ್ದು 1,40,000 ರೂಪಾಯಿ, ಮಂಜೂರಾದದ್ದು 85,000. ಅದರಲ್ಲಿ 60,000 ಮುಂಗಡ, ಉಳಿದದ್ದು ಬಿಲ್ಲು ಸಲ್ಲಿಸಿದ ಮೇಲೆ. ಈ ಹಾದಿಯಲ್ಲಿ ಹೊರಟವರು ದಸರಾ ರಜೆ ಮುಗಿಯುತ್ತಿದ್ದಂತೆಯೇ ಕಡತ ಹೊರಡಿಸಲಿ, ಒಂದೊಂದು ಮೇಜಿಗೆ ಹತ್ತು ಕೆಲಸದ ದಿನಗಳನ್ನು ಲೆಕ್ಕ ಹಿಡಿಯಲಿ, ಧ್ವನಿವರ್ಧಕ, ಮುದ್ರಣ, ಊಟ ಈ ಮೂರಕ್ಕೂ ತಲಾ ಮೂರು ದರಪಟ್ಟಿಗಳನ್ನು ಮೊದಲೇ ಲಗತ್ತಿಸಲಿ.

ಹಣಕ್ಕಿಂತ ಹೆಚ್ಚು ನೋವು ಕೊಟ್ಟದ್ದು ದಾಖಲೆಗಳ ವಿಷಯ. ಭಾಗವಹಿಸುವ ಎಲ್ಲ ವಿದೇಶಿ ವಿದ್ಯಾರ್ಥಿಗಳ ಪಾಸ್‌ಪೋರ್ಟ್, ವೀಸಾ ಹಾಗೂ ವಾಸದ ಪರವಾನಗಿಯ ಪ್ರತಿಗಳನ್ನು ಸಲ್ಲಿಸಬೇಕೆಂದು ಡಿಸೆಂಬರ್‌ನಲ್ಲಿ ಒಂದು ಟಿಪ್ಪಣಿ ಬಂತು. ಆರು ತಿಂಗಳಿಗಿಂತ ಹೆಚ್ಚಿನ ಅವಧಿಯ ವೀಸಾದ ಮೇಲೆ ಓದಲು ಬಂದವರು ಬಂದಿಳಿದ 14 ದಿನಗಳೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ಅವರೆಲ್ಲ ಅದನ್ನು ಮಾಡಿಯೇ ಇರುತ್ತಾರೆ, ವಿಶ್ವವಿದ್ಯಾಲಯದಲ್ಲಿ ಪ್ರತಿಯೂ ಇರುತ್ತದೆ. ಆದರೆ ಹಾಡಲು ಹೆಸರು ಕೊಟ್ಟವರಿಂದ ಮತ್ತೊಮ್ಮೆ ಕೇಳಿದಾಗ ಅವರ ಮುಖದಲ್ಲಿ ಮೂಡಿದ ಭಯವನ್ನು ನಾನು ಮರೆಯಲಾರೆ. ಸುಡಾನಿನ ವಿದ್ಯಾರ್ಥಿಯೊಬ್ಬನ ಪರವಾನಗಿ ನವೀಕರಣಕ್ಕೆ ಹೋಗಿತ್ತು, ಕೈಯಲ್ಲಿದ್ದದ್ದು ಅರ್ಜಿಯ ಸ್ವೀಕೃತಿ ಮಾತ್ರ. ಅವನು ಮರುದಿನದಿಂದ ಅಭ್ಯಾಸಕ್ಕೆ ಬರುವುದನ್ನೇ ನಿಲ್ಲಿಸಿದ. ಬೈಲುಕುಪ್ಪೆಯ ಹುಡುಗಿಯ ಬಳಿ ಪಾಸ್‌ಪೋರ್ಟ್ ಎಂಬುದೇ ಇಲ್ಲ. ಅವಳದು ನೋಂದಣಿ ಪ್ರಮಾಣಪತ್ರ, ಎಲ್ಲರೂ ಆರ್‌ಸಿ ಎನ್ನುವ ಸಣ್ಣ ಪುಸ್ತಕ. ನಮ್ಮ ನಮೂನೆಯಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ.

ಎರಡು ವಾರ ಅಲೆದ ಮೇಲೆ, ವಿದೇಶಿ ವಿದ್ಯಾರ್ಥಿಗಳ ವಿಭಾಗದ ಮೂಲಕವೇ ಒಂದು ದೃಢೀಕರಣ ಪತ್ರ ಪಡೆದೆವು: ‘ಈ ಕೆಳಕಂಡ ವಿದ್ಯಾರ್ಥಿಗಳು ನಮ್ಮಲ್ಲಿ ಪ್ರವೇಶ ಪಡೆದವರಾಗಿದ್ದು, ಅವರ ದಾಖಲೆಗಳು ಈ ಕಚೇರಿಯಲ್ಲಿ ಲಭ್ಯವಿವೆ.’ ಅಷ್ಟಕ್ಕೇ ಎಲ್ಲವೂ ಬಗೆಹರಿಯಿತು. ಮೊದಲ ದಿನವೇ ಯಾರಾದರೂ ಈ ದಾರಿ ತೋರಿಸಿದ್ದರೆ ಆ ಸುಡಾನಿನ ಹುಡುಗನ ಎರಡು ವಾರದ ನಿದ್ದೆ ಉಳಿಯುತ್ತಿತ್ತು. ವಿದ್ಯಾರ್ಥಿಗಳಿಂದ ನೇರವಾಗಿ ದಾಖಲೆ ಕೇಳಬೇಡಿ ಎಂಬುದು ಈ ಬರಹದಲ್ಲಿ ನಾನು ಅತ್ಯಂತ ಕಳಕಳಿಯಿಂದ ಹೇಳುವ ಮಾತು. ಕಾಗದ ಕಚೇರಿಯಿಂದ ಕಚೇರಿಗೆ ಹೋಗಲಿ, ಮಕ್ಕಳ ಕೈಯಿಂದ ಹೋಗುವುದು ಬೇಡ.

ಜನವರಿ ಮಧ್ಯದಲ್ಲಿ ಆಹ್ವಾನ ಪತ್ರಿಕೆಯ ಕರಡು ಸಿದ್ಧವಾಗಿ, ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ, ಮಧ್ಯಾಹ್ನ ಒಂದಕ್ಕೆ ಇಪ್ಪತ್ತೊಂದು ನುಡಿಗಳವರ ಸಹಭೋಜನ ಎಂದು ಬರೆದೆವು. ಕರಡನ್ನು ನೋಡಿದ ಉರ್ದು ವಿಭಾಗದ ವಿದ್ಯಾರ್ಥಿನಿ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ ಬೆರಳಿಟ್ಟು ತೋರಿಸಿದಳು. ರಂಜಾನ್ ಉಪವಾಸ ಅದೇ ವಾರ ಆರಂಭವಾಗುತ್ತಿತ್ತು. ಫೆಬ್ರವರಿ 18ಕ್ಕೆ ಟಿಬೆಟನ್ನರ ಹೊಸ ವರ್ಷ ಲೋಸರ್. ಮೂರು ದಿನದ ಹಬ್ಬಕ್ಕೆ ಅವರೆಲ್ಲ ಊರಿಗೆ ಹೋಗಿಬಿಟ್ಟಿರುತ್ತಾರೆ. ಸಂಸ್ಕೃತಿಗಳ ಹೆಸರಿನಲ್ಲಿ ನಡೆಯುವ ಊಟಕ್ಕೆ ನಮ್ಮವರಲ್ಲೇ ಮೂವತ್ತಕ್ಕೂ ಹೆಚ್ಚು ಮಂದಿ ಉಪವಾಸ ಕುಳಿತು ನೋಡುವಂತಾಗುತ್ತಿತ್ತು. ಮೂರು ತಿಂಗಳು ಮಾತನಾಡಿದರೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲವೆಂದು ಬಹಳ ಬೇಸರವಾಯಿತು.

ದಿನವನ್ನು ಬದಲಿಸುವ ಹಾಗಿರಲಿಲ್ಲ, ಸಭಾಂಗಣ ಆ ದಿನಕ್ಕೇ ಸಿಕ್ಕಿತ್ತು. ಹೊತ್ತನ್ನು ಬದಲಿಸಿದೆವು. ಇಡೀ ಕಾರ್ಯಕ್ರಮ ಮಧ್ಯಾಹ್ನ ಮೂರೂವರೆಗೆ ಸರಿಯಿತು. ಫೆಬ್ರವರಿಯ ಆ ದಿನಗಳಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರೂವರೆಯ ಸುಮಾರಿಗೆ, ಆದ್ದರಿಂದ ಊಟವನ್ನು ಅದರ ನಂತರಕ್ಕೆ ಇಟ್ಟೆವು. ಲೋಸರ್‌ಗೆ ಊರಿಗೆ ಹೋದವರು 21ರ ಬೆಳಿಗ್ಗೆ ಹೊರಟರೂ ತಲುಪುವಂತಾಯಿತು. ಸಂಜೆಗೆ ಸರಿದದ್ದರಿಂದ ಧ್ವನಿವರ್ಧಕದ ಅನುಮತಿಯ ಪ್ರಶ್ನೆ ಎದ್ದಿತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ನಿರ್ಬಂಧವಿರುವ ರಾತ್ರಿಯ ಹೊತ್ತು ಹತ್ತರಿಂದ ಬೆಳಿಗ್ಗೆ ಆರರವರೆಗೆ. ನಾವು ಎಂಟಕ್ಕೆ ಮುಗಿಸುವವರಾಗಿದ್ದರೂ ಠಾಣೆಗೆ ಬರಹದಲ್ಲಿ ಮನವಿ ಕೊಟ್ಟು ಸ್ವೀಕೃತಿ ಪಡೆದುಕೊಂಡೆವು. ಹಾಡುಗಳ ಹಕ್ಕಿನ ವಿಷಯವನ್ನೂ ಆಗಲೇ ಕೇಳಿ ತಿಳಿದೆವು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ ಹಾಡಿ ಆಡುವುದಕ್ಕೆ ವಿನಾಯಿತಿ ಕೊಡುತ್ತದೆ. ಪ್ರೇಕ್ಷಕರು ಸಂಸ್ಥೆಯವರು, ಪೋಷಕರು ಮತ್ತು ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಊರಿಗೆಲ್ಲ ತೋರಿಸುವ ನೇರಪ್ರಸಾರದ ಯೋಚನೆಯನ್ನು ಇದೇ ಕಾರಣಕ್ಕೆ ಕೈಬಿಟ್ಟು, ಸಿನಿಮಾ ಹಾಡುಗಳ ಬದಲು ಮನೆಯ ಹಾಡುಗಳನ್ನೇ ಹಾಡುವಂತೆ ಎಲ್ಲರನ್ನೂ ಕೇಳಿಕೊಂಡೆವು.

ಫೆಬ್ರವರಿ ಮೊದಲ ವಾರದ ಒಂದು ಅಭ್ಯಾಸದ ದಿನ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ, ಅಂದರೆ ಸೋಲಿಗರ ಹಾಡಿಯಿಂದ ಬಂದ ಸೋಲಿಗ ವಿದ್ಯಾರ್ಥಿಯೊಬ್ಬ ‘ಗೊರುಕ ಗೊರುಕನ’ ಹಾಡುವುದಾಗಿ ಒಪ್ಪಿಕೊಂಡಿದ್ದ. ವೇದಿಕೆ ಅಲಂಕಾರದ ಹೊಣೆ ಹೊತ್ತಿದ್ದ ನಮ್ಮ ಸಮಿತಿಯವರು, ಮನಸ್ಸಿನಲ್ಲಿ ಯಾವ ಕೆಡುಕೂ ಇಲ್ಲದೆಯೇ, ಅವನಿಗಾಗಿ ಸೊಪ್ಪಿನ ಉಡುಗೆ, ಮುಖಕ್ಕೆ ಬಣ್ಣ, ತಲೆಗೆ ಹಕ್ಕಿಗರಿ ಸಿದ್ಧಪಡಿಸಿ ತಂದಿದ್ದರು. ಅವನು ಆ ಸೊಪ್ಪಿನ ಗಂಟನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, ‘ನಮ್ಮ ತಾತ ಪಂಚೆ ಉಡುತ್ತಿದ್ದರು ಮೇಡಂ, ಅಂಗಿ ತೊಡುತ್ತಿದ್ದರು. ಈ ಗರಿ ನಮ್ಮ ಕಡೆಯದಲ್ಲ’ ಎಂದ. ಸಭಾಂಗಣದಲ್ಲಿ ಯಾರೂ ಮಾತನಾಡಲಿಲ್ಲ. ಏನು ತೊಟ್ಟು ಬರುತ್ತೀಯಾ ಎಂದು ಕೇಳಿದೆ. ಇದೇ ಪ್ಯಾಂಟು ಅಂಗಿ ಎಂದ. ಏನು ಹೇಳಬೇಕೆಂದಿದ್ದೀಯಾ ಎಂದಾಗ ಅವನ ಮುಖ ಅರಳಿತು. ತರಗು ಬೆಂಕಿಯ ಬಗ್ಗೆ ಹೇಳಬೇಕು ಎಂದ. ಬೇಸಿಗೆಯ ಮೊದಲಲ್ಲಿ ಉದುರಿದ ತರಗಿಗೆ ಹಿರಿಯರು ಹಾಕುತ್ತಿದ್ದ ಸಣ್ಣ ಬೆಂಕಿ ಅದು. ಅದನ್ನು ನಿಲ್ಲಿಸಿದ ಮೇಲೆ ಕಾಡೆಲ್ಲ ಲಂಟಾನ ಎಂಬ ಕಳೆ ಹಬ್ಬಿತು ಎಂಬುದು ಅವರ ಹಿರಿಯರ ಅನುಭವ. ಆ ಬೆಟ್ಟ 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು, ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆಯೂ ಸಿಕ್ಕಿತು. ಆ ಕಾಗದ ಮನೆಗೆ ಬಂದ ದಿನ ತಾನು ಚಿಕ್ಕವನಿದ್ದೆ, ನೆನಪಿದೆ ಎಂದ.

ಅಂದು ರಾತ್ರಿ ಎಲ್ಲ ಇಪ್ಪತ್ತೊಂದು ಗುಂಪುಗಳಿಗೂ ಒಂದೇ ಸಂದೇಶ ಕಳುಹಿಸಿದೆ: ಏನು ತೊಡಬೇಕು, ತಮ್ಮನ್ನು ಯಾವ ಹೆಸರಿನಿಂದ ಕರೆಯಬೇಕು, ಪರಿಚಯದಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಅವರೇ ನಾಲ್ಕು ಸಾಲಿನಲ್ಲಿ ಬರೆದು ಕೊಡಬೇಕು, ನಿರೂಪಕರು ಅದನ್ನು ಒಂದಕ್ಷರವೂ ಬದಲಿಸದೆ ಓದುತ್ತಾರೆ. ಅಫ್ಘಾನಿಸ್ತಾನದ ಹುಡುಗಿ ಈ ಸಂದೇಶ ಓದಿ ಮರಳಿ ಬಂದಳು. ದರಿಯಲ್ಲಿ ಒಂದು ಜೋಗುಳ ಹಾಡುತ್ತೇನೆ, ಫೋಟೊ ಮಾತ್ರ ಬೇಡ ಎಂದಳು. ಫೋಟೊ ತೆಗೆಯಲು ಒಪ್ಪಿಗೆ ಇಲ್ಲದವರಿಗೆ ಹಳದಿ ದಾರದ ಬ್ಯಾಡ್ಜು, ಉಳಿದವರಿಗೆ ಬಿಳಿ ದಾರದ್ದು ಕೊಡುವ ಏರ್ಪಾಡು ಅವಳಿಂದ ಹುಟ್ಟಿತು. ಛಾಯಾಗ್ರಾಹಕರಿಗೆ ಬರಹದಲ್ಲಿ ತಿಳಿಸಿದೆವು. ಆ ದಿನ ಒಟ್ಟು ಹನ್ನೊಂದು ಮಂದಿ ಹಳದಿ ದಾರ ಕೇಳಿ ಪಡೆದರು. ಯಾರೂ ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಡುಗೆಯ ವಿಷಯದಲ್ಲಿ ಬಂದ ತೊಡಕು ಬೇರೆಯೇ. ಅಧಿಕೃತ ಸಭಾಂಗಣದ ಆವರಣದಲ್ಲಿ ಸಸ್ಯಾಹಾರ ಮಾತ್ರ ಎಂಬ ರೂಢಿ ನಮ್ಮಲ್ಲಿದೆ. ಹಾಸ್ಟೆಲಿನ ಮೆಸ್ಸಿನಲ್ಲಾದರೋ ವಾರಕ್ಕೊಮ್ಮೆ ಕೋಳಿ ಸಾರು ನಡೆಯುತ್ತದೆ. ಊಟವನ್ನು ಹಾಸ್ಟೆಲಿನ ಊಟದ ಮನೆಗೆ ಸ್ಥಳಾಂತರಿಸಿದಾಗ ಇಬ್ಬಗೆಯವರಿಗೂ ಅನುಕೂಲವಾಯಿತು. ಸಸ್ಯಾಹಾರದ ಸಾಲು, ಮಾಂಸಾಹಾರದ ಸಾಲು ಬೇರೆ ಬೇರೆ, ಪಾತ್ರೆ ಸೌಟುಗಳೂ ಬೇರೆ. ಪ್ರತಿ ಪಾತ್ರೆಯ ಮುಂದೆ ಅದರಲ್ಲಿ ಏನೇನಿದೆ ಎಂದು ಚೀಟಿ ಅಂಟಿಸಿದೆವು. ಕಡಲೆಕಾಯಿ, ಎಳ್ಳು, ಹಾಲು, ಮೊಟ್ಟೆ ಇವುಗಳನ್ನು ತಪ್ಪದೆ ಬರೆಯಿರಿ. ನಮ್ಮಲ್ಲಿ ಒಬ್ಬಳಿಗೆ ಕಡಲೆಕಾಯಿ ಒಗ್ಗುವುದಿಲ್ಲ ಎಂಬುದು ಚೀಟಿ ಬರೆಯುವಾಗಲೇ ತಿಳಿದದ್ದು.

ಇಥಿಯೋಪಿಯಾದ ಸಂಶೋಧನಾ ವಿದ್ಯಾರ್ಥಿಯೊಬ್ಬರು ತಮ್ಮ ನಾಡಿನ ಹುಳಿ ದೋಸೆಯಂತಹ ಇಂಜೆರಾ ಮಾಡಬೇಕೆಂದಿದ್ದರು. ಅದಕ್ಕೆ ಬೇಕಾದ ಟೆಫ್ ಎಂಬ ಧಾನ್ಯ ಇಲ್ಲಿ ಎಲ್ಲಿಯೂ ಸಿಗಲಿಲ್ಲ. ಮೆಸ್ಸಿನ ಅಡುಗೆಯಮ್ಮ ಡಬ್ಬಿ ತೆರೆದು ರಾಗಿ ಹಿಟ್ಟು ತೋರಿಸಿದಾಗ ಅವರು ಒಂದು ಚಿಟಿಕೆ ತೆಗೆದು ಬೆರಳಿನಲ್ಲಿ ಉಜ್ಜಿ, ಮೂಸಿ, ‘ದಾಗುಸ್ಸಾ!’ ಎಂದು ಕೂಗಿದರು. ಅವರ ಊರಿನಲ್ಲಿ ರಾಗಿಯ ಹೆಸರು ಅದು. ನಮ್ಮ ಹಳೆ ಮೈಸೂರಿನ ಮುದ್ದೆಯ ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ ಬೇಸಾಯಕ್ಕೊಳಗಾಗಿ ಆಮೇಲೆ ಇಲ್ಲಿಗೆ ಬಂದ ಬೆಳೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಆದರೆ ಆ ನಂಟು ಒಬ್ಬ ಮನುಷ್ಯನ ಮುಖದ ಮೇಲೆ ಬೆಳಗಿದ್ದನ್ನು ಕಂಡದ್ದು ಅದೇ ಮೊದಲು. ಇಬ್ಬರೂ ಸೇರಿ ಹಿಟ್ಟು ಕಲಸಿ ಮೂರು ದಿನ ಹುಳಿ ಬರಿಸಿದರು. ಒಬ್ಬರಿಗೆ ಕನ್ನಡ ಅಷ್ಟಾಗಿ ಬಾರದು, ಇನ್ನೊಬ್ಬರಿಗೆ ಇಂಗ್ಲಿಷ್ ಬಾರದು. ಮೊದಲ ದಿನ ಕಾವಲಿಗೆ ಅಂಟಿಕೊಂಡ ನಾಲ್ಕು ಇಂಜೆರಾಗಳನ್ನು ಬಿಟ್ಟರೆ ಉಳಿದವು ಚೆನ್ನಾಗಿಯೇ ಎದ್ದವು. ಅಡುಗೆಯಮ್ಮ ಕಾವಲಿಗೆ ಈರುಳ್ಳಿ ಹೋಳು ಉಜ್ಜಿದ ಮೇಲಂತೂ ಒಂದೂ ಹರಿಯಲಿಲ್ಲ.

ಫೆಬ್ರವರಿ 21 ಶನಿವಾರ. ಮೇಜುಗಳ ಮೇಲೆ ಬಾವುಟದ ಬದಲು ಸ್ಲೇಟು, ಬಳಪ. ಬಂದವರಿಗೆಲ್ಲ ಅವರವರ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆದು ಕೊಡಬೇಕು, ಒಂದು ವಾಕ್ಯ ಕಲಿಸಬೇಕು ಎಂಬುದಷ್ಟೇ ನಿಯಮ. ಬೈಲುಕುಪ್ಪೆಯ ಹುಡುಗಿಯ ಮೇಜಿನ ಮುಂದೆ ನಮ್ಮ ವಿಭಾಗದ ಎಂ.ಎ. ವಿದ್ಯಾರ್ಥಿಗಳು ಗುಂಪುಗೂಡಿದ್ದರು. ಅವಳು ಬರೆಯುತ್ತಾ ‘ಕ, ಖ, ಗ, ಙ’ ಎಂದು ಓದಿದಳು. ಮುಂದಿನ ಸಾಲಿಗೆ ‘ಚ, ಛ, ಜ, ಞ’ ಎಂದಾಗ ಹುಡುಗರೆಲ್ಲ ಒಟ್ಟಿಗೆ ದನಿಗೂಡಿಸಿದರು. ಎರಡೂ ಲಿಪಿಗಳ ಬೇರು ಬ್ರಾಹ್ಮಿಯಲ್ಲಿದೆ ಎಂದು ನಾನು ತರಗತಿಯಲ್ಲಿ ಹತ್ತು ಬಾರಿ ಹೇಳಿದ್ದಿದೆ. ಆ ಸ್ಲೇಟಿನ ಮುಂದೆ ಅದನ್ನು ಹೇಳುವ ಅಗತ್ಯವೇ ಬೀಳಲಿಲ್ಲ. ಅಮ್ಹಾರಿಕ್ ಮೇಜಿನಲ್ಲಿ ಪ್ರತಿ ವ್ಯಂಜನಕ್ಕೂ ಏಳು ಸ್ವರರೂಪಗಳಿರುವ ಪಟ್ಟಿಯನ್ನು ನೋಡಿದ ಪ್ರಾಥಮಿಕ ಶಾಲೆಯ ಹುಡುಗಿಯೊಬ್ಬಳು, ಸಿಬ್ಬಂದಿಯೊಬ್ಬರ ಮಗಳು, ‘ಅಪ್ಪಾ, ಇವರದ್ದೂ ಕಾಗುಣಿತ!’ ಎಂದಳು. ತಾಂಜಾನಿಯಾದ ಹುಡುಗ ಸ್ವಾಹಿಲಿಯ ಚಾಯ್, ಚಪಾತಿ, ಡುಕಾ, ರಂಗಿ, ಗಾರಿ ಎಂಬ ಪದಗಳನ್ನು ಬರೆದಿಟ್ಟು, ಅರ್ಥ ಊಹಿಸಿದವರಿಗೆ ಒಂದೊಂದು ಖರ್ಜೂರ ಕೊಡುತ್ತಿದ್ದ. ಅಂಗಡಿಗೆ ಡುಕಾ, ಬಣ್ಣಕ್ಕೆ ರಂಗಿ, ವಾಹನಕ್ಕೆ ಗಾರಿ ಎನ್ನುವ ಆ ನುಡಿ ಅರಬ್ಬೀ ಸಮುದ್ರದ ಹಳೆಯ ವ್ಯಾಪಾರವನ್ನು ತನ್ನೊಳಗೆ ಇಟ್ಟುಕೊಂಡಿದೆ.

ವೇದಿಕೆಯ ಭಾಗ ಚಿಕ್ಕದಾಗಿಯೇ ಇತ್ತು. ಹತ್ತಿರದ ಹಳ್ಳಿಯ ಐವರು ಕಲಾವಿದರ ಕಂಸಾಳೆ, ತಾಂಡಾದ ಹುಡುಗ ತನ್ನ ಅವ್ವನಿಂದ ಫೋನಿನಲ್ಲಿ ಕೇಳಿ ಬರೆದುಕೊಂಡ ಹಾಡು, ದರಿಯ ಜೋಗುಳ. ಸೋಲಿಗ ಹುಡುಗ ಪ್ಯಾಂಟು ಅಂಗಿಯಲ್ಲೇ ನಿಂತು ಹತ್ತು ನಿಮಿಷ ಮಾತನಾಡಿದ, ಕೊನೆಗೆ ಹಾಡಿದ. ‘ಗೊರುಕ ಗೊರುಕನ’ ಎಂಬ ಪಲ್ಲವಿ ಬಂದಾಗಲೆಲ್ಲ ಸಭಾಂಗಣವೇ ಚಪ್ಪಾಳೆ ಹಿಡಿಯಿತು. ಸುಡಾನಿನ ವಿದ್ಯಾರ್ಥಿ ಅಭ್ಯಾಸಕ್ಕೆ ಬಾರದಿದ್ದರೂ ಅಂದು ಬಂದು, ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಆರೂವರೆಯಾಗುತ್ತಿದ್ದಂತೆ ಎಲ್ಲರೂ ಊಟದ ಮನೆಗೆ ನಡೆದೆವು. ಉಪವಾಸವಿದ್ದವರಿಗೆ ಮೊದಲು ಖರ್ಜೂರ, ನೀರು. ಅವರು ಬಾಯಿಗಿಟ್ಟುಕೊಳ್ಳುವವರೆಗೆ ಉಳಿದ ಇನ್ನೂರಕ್ಕೂ ಹೆಚ್ಚು ಮಂದಿ ತಟ್ಟೆ ಮುಟ್ಟದೆ ಕಾದರು. ಹೀಗೆ ಕಾಯಿರಿ ಎಂದು ನಾವು ಯಾರಿಗೂ ಹೇಳಿರಲಿಲ್ಲ.

ಆಮೇಲಿನ ಮೂರು ತಿಂಗಳು ಲೆಕ್ಕಪತ್ರದ್ದು. ಧ್ವನಿವರ್ಧಕಕ್ಕೆ 14,000, ಊಟ ತಲಾ 110ರಂತೆ 260 ಜನರಿಗೆ 28,600, ಕಂಸಾಳೆಯವರಿಗೆ 12,000, ಮುದ್ರಣ ಮತ್ತು ಪ್ರಮಾಣಪತ್ರಗಳಿಗೆ 9,800, ಸ್ಲೇಟು 120ಕ್ಕೆ 5,400, ವಾಹನಕ್ಕೆ 3,500, ಚಿಲ್ಲರೆ ಖರ್ಚು 6,200. ಒಟ್ಟು 79,500 ರೂಪಾಯಿ. ಮುಂಗಡ ಮೀರಿದ 19,500ನ್ನು ನಾನು ಕೈಯಿಂದ ಹಾಕಿದ್ದೆ. ಸ್ಲೇಟುಗಳನ್ನು ಕೊಂಡ ಹಳೆಯ ಅಂಗಡಿಯವರ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇಲ್ಲವೆಂದು ಮಾರ್ಚ್‌ನಲ್ಲಿ ಆಕ್ಷೇಪಣೆ ಬಂತು. ಅಂಗಡಿಯವರಿಂದ ನೋಂದಣಿ ಇಲ್ಲವೆಂಬ ಹೇಳಿಕೆ, ವಿಭಾಗದ ಮುಖ್ಯಸ್ಥರ ದೃಢೀಕರಣ ಸೇರಿಸಿ ಮತ್ತೆ ಸಲ್ಲಿಸಿದೆ. ಕಂಸಾಳೆಯ ಒಬ್ಬ ಹಿರಿಯರಿಗೆ ಪ್ಯಾನ್ ಕಾರ್ಡ್ ಇರಲಿಲ್ಲ, ಹಣ ಬ್ಯಾಂಕಿಗೇ ಹೋಗಬೇಕೆಂದು ಅವರ ಪಾಲು ಏಪ್ರಿಲ್‌ವರೆಗೆ ತಡೆಯಿತು. ಅದಕ್ಕಾಗಿ ಅವರು ಎರಡು ಬಾರಿ ಬಸ್ಸು ಹಿಡಿದು ಬಂದುಹೋದದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕಲಾವಿದರನ್ನು ಕರೆಯುವ ದಿನವೇ ಬ್ಯಾಂಕ್ ಪಾಸ್‌ಪುಸ್ತಕ, ಪ್ಯಾನ್ ಎರಡನ್ನೂ ಕೇಳಿ ನೋಡಿಕೊಳ್ಳಿ, ಇಲ್ಲದಿದ್ದರೆ ಮಾಡಿಸಿಕೊಡಿ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುವುದರಿಂದ, ಕಾರ್ಯಕ್ರಮ ಮುಗಿದ ಹತ್ತು ದಿನದೊಳಗೆ ಎಲ್ಲ ಬಿಲ್ಲುಗಳನ್ನೂ ಒಳಗೆ ಕೊಟ್ಟುಬಿಡಿ. ನನ್ನ ಬಾಕಿ ಮೊತ್ತ ಹೊಸ ವರ್ಷದ ಲೆಕ್ಕಕ್ಕೆ ಮತ್ತೆ ಮಂಜೂರಾಗಿ ಬರಲು ಮೇ ತಿಂಗಳು ಹಿಡಿಯಿತು.

ಪ್ರಮಾಣಪತ್ರಗಳನ್ನು ಎರಡು ಬಾರಿ ಮುದ್ರಿಸಬೇಕಾಯಿತು. ಒಂದೇ ಹೆಸರಿರುವ ವಿದ್ಯಾರ್ಥಿಗಳಿಗೆ ಗಣಕದ ನಮೂನೆ ‘ಕುಲನಾಮ ಇಲ್ಲ’ ಎಂದು ತಾನೇ ಸೇರಿಸಿಬಿಟ್ಟಿತ್ತು, ಅದು ಹಾಗೆಯೇ ಅಚ್ಚಾಗಿತ್ತು. ಎರಡನೆಯ ಬಾರಿ ಪ್ರತಿಯೊಬ್ಬರಿಗೂ ತಮ್ಮ ಹೆಸರನ್ನು ತಾವೇ ಓದಿ ಸರಿಯೆಂದು ಸಹಿ ಮಾಡಲು ಹೇಳಿದೆವು, ಹೆಸರನ್ನು ಕನ್ನಡದಲ್ಲೂ ಅವರವರ ಲಿಪಿಯಲ್ಲೂ ಅಚ್ಚು ಹಾಕಿಸಿದೆವು.

2027ರ ಫೆಬ್ರವರಿ 21 ಭಾನುವಾರ ಬರುತ್ತದೆ, ರಂಜಾನ್ ಆಗಲೂ ನಡೆಯುತ್ತಿರುತ್ತದೆ. ಸೋಮವಾರ 22ರ ಸಂಜೆಗೆ ಸಭಾಂಗಣ ಬೇಕೆಂಬ ಅರ್ಜಿಯನ್ನು ನಿನ್ನೆ ಕೊಟ್ಟು ಬಂದೆ. ಸುಡಾನಿನ ಹುಡುಗನ ಪರವಾನಗಿ ನವೀಕರಣವಾಗಿ ಬಂದಿದೆ. ಅರಬ್ಬಿಯ ಮೇಜನ್ನು ಈ ಸಲ ತಾನೇ ನೋಡಿಕೊಳ್ಳುತ್ತೇನೆಂದು ಹೇಳಿ, ಉಳಿದಿದ್ದ ಸ್ಲೇಟುಗಳಲ್ಲಿ ಎರಡನ್ನು ಈಗಲೇ ತೆಗೆದುಕೊಂಡು ಹೋಗಿದ್ದಾನೆ.